ಚಾರ್ಜು ಕೊಡುವ ದಿನ

ಬಾ ಕ್ರಿಸೆಲ್ಡಾ, ಚಪ್ಪಲಿ ಬಿಡಬೇಕಿಲ್ಲ,
ಈ ಕೋಣೆ ನಮ್ಮದಲ್ಲ.
ಭಾನುವಾರ ಎರಡರಿಂದ ಐದರವರೆಗೆ ಮಾತ್ರ ನಮ್ಮದು,
ಐದೂ ಹತ್ತಕ್ಕೆ ವಿಯೆಟ್ನಾಮಿನವರ ಬ್ಯಾಡ್ಮಿಂಟನ್.

ಇದು ಅನ್ನದ ಕುಕ್ಕರು. ಮುಚ್ಚಳ ನಿಲ್ಲುವುದಿಲ್ಲ,
ಈ ಸ್ಟೀಲು ಚಮಚ ಸಿಕ್ಕಿಸಿದರೆ ನಿಲ್ಲುತ್ತದೆ.
ಚಮಚ ಕಳೆದರೆ ಸಂಘವೇ ಕಳೆದಂತೆ.
ತಮಾಷೆಯಲ್ಲ,
ಹೋದ ವರ್ಷ ಅನ್ನವಿಲ್ಲದ ಸಭೆಗೆ ಮೂವರು ಬಂದಿದ್ದರು,
ನನ್ನನ್ನೂ ಸೇರಿಸಿ.

ಇದು ಬಾವುಟ. ನೀಲಿ ಮೇಲಿರಬೇಕು.
ಕೆಂಪು ಮೇಲಾದರೆ ದೇಶ ಯುದ್ಧದಲ್ಲಿದೆ ಎಂದರ್ಥ.
ಮೊದಲ ಸಲ ನಾನೇ ತಲೆಕೆಳಗಾಗಿ ಕಟ್ಟಿದ್ದೆ.
ಯುದ್ಧಕ್ಕೆ ಯಾರೂ ಬರಲಿಲ್ಲ,
ಸಭೆಗೂ.

ಹೇಗೆ ಅಧ್ಯಕ್ಷೆಯಾದೆ ಎಂದು ಕೇಳಿದೆಯಲ್ಲ?
ಕೈ ತೊಳೆಯಲು ಹೋಗಿದ್ದೆ.
ಬರುವಷ್ಟರಲ್ಲಿ ಚಪ್ಪಾಳೆ.
ಸೋಪಿನ ನೊರೆ ಮಣಿಕಟ್ಟಿನಲ್ಲಿ ಇನ್ನೂ ಹಾಗೇ ಇತ್ತು.

ಇದು ಹೆಸರಿನ ಪುಸ್ತಕ.
ಹೆಸರು, ವಿಭಾಗ, ಫೋನು, ಆಮೇಲೆ ಊರು.
ಊರೇಕೆ ಎಂದು ಎಲ್ಲರೂ ಕೇಳುತ್ತಾರೆ, ಬಿಡದೆ ಬರೆಸಿಕೋ.
ಅಲ್ಲಿ ತುಫಾನು ಬಡಿದ ರಾತ್ರಿ
ಇಲ್ಲಿ ಆಕಾಶ ತೊಳೆದಿಟ್ಟ ತಟ್ಟೆಯಂತಿರುತ್ತದೆ.
ಸುದ್ದಿಯಲ್ಲಿ ಊರುಗಳು ಒಂದೊಂದಾಗಿ ಬರುತ್ತವೆ.
ಆಗ ಆ ಕಾಲಮ್ಮಿನ ಮೇಲೆ ಬೆರಳಾಡಿಸಿ
ಯಾರ ಬಾಗಿಲು ತಟ್ಟಬೇಕೆಂದು ನೋಡುತ್ತೀ.
ತಟ್ಟಿ ಏನು ಹೇಳಬೇಕೆಂದು ಬೈಲಾದಲ್ಲಿಲ್ಲ.
ನಾನು ನೂಡಲ್ಸ್ ಮಾಡಿಕೊಂಡು ಹೋಗುತ್ತಿದ್ದೆ.

ಜುನ್‌ರೆಲ್ ಪಕ್ಕದಲ್ಲಿ ಆಗಾಗ ಕೂರು.
ಎರಡು ವರ್ಷ ಹಿಂದಿನ ಬೆಂಚಿನಲ್ಲಿ ತಲೆಯಾಡಿಸಿದ.
ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡು ನಾನೂ
ನಡಾವಳಿಯಲ್ಲಿ 'ಸರ್ವಾನುಮತ' ಎಂದು ಬರೆದೆ.
ಆಮೇಲೆ ಗೊತ್ತಾಯಿತು, ನಮ್ಮ ಟಗಾಲೋಗಿನ ಓಟದಲ್ಲಿ
ಅವನ ಸೆಬುವಾನೋ
ಕಾಲಿಡಲು ಜಾಗ ಹುಡುಕುತ್ತಿತ್ತು.
ನಾನಾದರೂ ಏನು, ಇಲೋಯಿಲೋದವಳು.
ದುಡ್ಡು ಎಣಿಸುವಾಗ ಇಂದಿಗೂ ಅವ್ವನ ಮಾತೇ ಬಾಯಿಗೆ ಬರುತ್ತದೆ,
ಎಣಿಸಿ ಮುಗಿಸಿ, ಟಗಾಲೋಗಿಗೆ ಮರಳಿ
ಲೆಕ್ಕ ಒಪ್ಪಿಸುತ್ತೇನೆ.

ಲೆಕ್ಕ: ನಾಲ್ಕು ಸಾವಿರದ ಮುನ್ನೂರ ಹತ್ತು.
ಇನ್ನೂರು ಕಡಿಮೆ ಇದೆ. ಫೆರ್ಡಿಯನ್ನು ಕೇಳಬೇಡ,
ತಂಗಿಯ ಫೀಸು ಕಟ್ಟಿದ ತಿಂಗಳು ಅದು.

ಈಗ ಇದು.
ಪೆಟ್ಟಿಗೆಯ ತಳದಲ್ಲಿ, ಹಳೆ ಪೇಪರಿನಲ್ಲಿ ಸುತ್ತಿಟ್ಟದ್ದು.
ಕ್ರಿಸ್‌ಮಸ್ ನಕ್ಷತ್ರ. ಊಟದ ಕಡ್ಡಿಗಳಿಂದ ಕಟ್ಟಿ
ಕೆಂಪು ಬೇಗಡೆ ಅಂಟಿಸಿದ್ದು.
ಕಟ್ಟಿದವಳು ನೆನಿತ, ಚಿಪ್ ಕಾರ್ಖಾನೆಯವಳು.
ಹನ್ನೆರಡು ಗಂಟೆಯ ಪಾಳಿ,
ಕಣ್ಣು ಬಿಟ್ಟು ಮಿಕ್ಕಿದ್ದೆಲ್ಲ ಬಿಳಿ ಬಟ್ಟೆಯೊಳಗೆ.
ಡಿಸೆಂಬರಿನ ಒಂದು ಭಾನುವಾರ ನಾಲ್ವರನ್ನು ಕರೆತಂದು
ಬಾಗಿಲಲ್ಲಿ ನಿಂತಳು. ಕೈಯಲ್ಲಿ
ಬಾಳೆಲೆಯ ಮೇಲೆ ಬೆಂದ ಬಿಬಿಂಕ, ಇನ್ನೂ ಬಿಸಿ.
ಸೇರಬಹುದೇ ಎಂದಳು.

ಫೆರ್ಡಿ ಬೈಲಾ ತೆಗೆದ. ವಿದ್ಯಾರ್ಥಿಗಳ ಸಂಘ, ಪುಟ ಎರಡು.
'ನಾನೂ ಓದಿದ್ದೆ, ಅಕೌಂಟೆನ್ಸಿ, ಮೂರು ವರ್ಷ' ಎಂದಳು,
ಬೇಡುವ ದನಿಯಲ್ಲಲ್ಲ,
ಗಂಟೆ ಎಷ್ಟೆಂದು ಹೇಳುವ ದನಿಯಲ್ಲಿ.
ನಾವು ಬಿಬಿಂಕ ತಿಂದೆವು. ಕೈ ಎತ್ತಿದೆವು.
ಏಳಕ್ಕೆ ಏಳು.
ಎಲ್ಲರೂ ನನ್ನ ಕಡೆ ನೋಡಿದರು.
ಬೆರಳಿಗಂಟಿದ ತೆಂಗಿನ ತುರಿ ನೆಕ್ಕುತ್ತ ನಾನು
'ಮುಂದಿನ ಸಭೆಗೆ' ಎಂದೆ.

ಮುಂದಿನ ಸಭೆಗೆ ಅವಳು ಬರಲಿಲ್ಲ,
ನಕ್ಷತ್ರ ಕೇಳಲೂ ಬರಲಿಲ್ಲ.
ಎರಡು ಸಲ ಕಾರ್ಖಾನೆಯ ಗೇಟಿನಲ್ಲಿ ಕಾದೆ.
ಪಾಳಿ ಬಿಟ್ಟಾಗ ಐನೂರು ಜನ
ಒಂದೇ ಬಣ್ಣದ ರೇನ್‌ಕೋಟಿನಲ್ಲಿ ಹೊರಬಿದ್ದರು.
ನನ್ನ ಕೂಗನ್ನು ಗಾಳಿ ತಿಂದಿತು.
ಸಿಂಚುವಿನ ಗಾಳಿ, ನಿನಗೂ ಗೊತ್ತಾಗುತ್ತದೆ.

ನಡಾವಳಿ ಪುಸ್ತಕ ತೆಗೆ. ನಾಲ್ಕನೇ ವಿಷಯ.
ಹದಿನಾಲ್ಕು ತಿಂಗಳಿಂದ ಅಲ್ಲೇ ಇದೆ.
ಹೊಡೆದುಹಾಕಿಲ್ಲ ನಾನು,
ಮುಗಿಸಿಯೂ ಇಲ್ಲ.

ಇಲ್ಲಿ ಸಹಿ ಮಾಡು.
ಕೀಲಿ ಎಡಕ್ಕೆ ತಿರುಗಿಸಬೇಕು.
ಈ ಬಾಗಿಲು ಗಾಳಿಗೆ ತಾನಾಗಿ ಹಾಕಿಕೊಳ್ಳುತ್ತದೆ,
ಒಳಗಿದ್ದವರಿಗೆ ಕೇಳಿಸುವುದೇ ಇಲ್ಲ.
ಅಗೋ, ಮೂಲೆಯಲ್ಲಿ ಒಂದು ಇಟ್ಟಿಗೆ ಇದೆ.
ಎರಡಕ್ಕೆ ಮೊದಲೇ ಬಂದು
ಅಡ್ಡ ಇಡು.